ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಮಿತ್ರರೊಬ್ಬರಿಗೆ, ತಂದೆ ತೀರಿಕೊಂಡರೆಂದು ತುಮಕೂರಿನಿಂದ ಸುದ್ದಿ ಬಂತು. "ವಿಮಾನದಲ್ಲಿ ಒಂದು ಗಂಟೆಯ ದಾರಿ, ಹನ್ನೊಂದಕ್ಕೆಲ್ಲ ಬಂದುಬಿಡುತ್ತೇನೆ, ಕಾಯಿರಿ" ಎಂದು ಊರಿಗೆ ಹೇಳಿ ಬೆಳಗಿನ ಆರಕ್ಕೆ ಮನೆ ಬಿಟ್ಟರು. ಊರು ಮುಟ್ಟಿದಾಗ ಮಧ್ಯಾಹ್ನ ಎರಡು. ಹಿರಿಯರು ಹನ್ನೆರಡರವರೆಗೆ ಕಾದು, ಕೊನೆಗೆ ಕಾರ್ಯ ಮುಗಿಸಿಬಿಟ್ಟಿದ್ದರು. ಒಂದು ಗಂಟೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಗಂಟೆ ಯಾವುದರದು ಎಂಬುದನ್ನು ಬಿಡಿಸಿ ನೋಡಬೇಕು.

ಹೈದರಾಬಾದಿಗೂ ಬೆಂಗಳೂರಿಗೂ ನೇರ ಗೆರೆ ಎಳೆದರೆ ಸುಮಾರು 500 ಕಿಲೋಮೀಟರು. ರಸ್ತೆಯಲ್ಲಿ 570ರ ಆಸುಪಾಸು; ಕಾಚಿಗುಡದಿಂದ ಯಶವಂತಪುರಕ್ಕೆ ರೈಲಿನಲ್ಲಿ 600ರ ಮೇಲೆ. ಬೇಗಂಪೇಟೆಯನ್ನು ಬಿಟ್ಟು ಶಂಷಾಬಾದಿಗೆ, ಅಲ್ಲಿ ಎಚ್‌.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ವಿಮಾನಗಳು ಹೋದದ್ದು 2008ರಲ್ಲಿ. ಶಂಷಾಬಾದು ನಮ್ಮ ಊರಿನ ದಕ್ಷಿಣಕ್ಕೆ, ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕೆ. ಹೀಗಾಗಿ ಆಕಾಶದ ದಾರಿ ಸುಮಾರು 450ಕ್ಕೆ ಇಳಿಯಿತು. ಉಳಿದ 50 ಕಿಲೋಮೀಟರು ಎಲ್ಲಿಗೂ ಹೋಗಲಿಲ್ಲ. ನಮ್ಮ ಪಾಲಿಗೆ ರಸ್ತೆಯಾಗಿ ಬಂತು!

ಗಂಟೆಗೆ 800 ಕಿಲೋಮೀಟರು ಹಾರಬಲ್ಲ ಜೆಟ್ಟಿಗೆ ಈ ದೂರ ಮುಕ್ಕಾಲು ಗಂಟೆಗೂ ಕಡಿಮೆ. ವೇಳಾಪಟ್ಟಿಯಲ್ಲಿ ಮಾತ್ರ ಒಂದೂಕಾಲು ಗಂಟೆ ಎಂದಿರುತ್ತದೆ. ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಅಲ್ಲಿ ಹೋಗಿ ನಿಲ್ಲುವ ಕ್ಷಣದವರೆಗಿನ ಲೆಕ್ಕ ಅದು. ಓಡುದಾರಿಯಲ್ಲಿ ಸರದಿ ಕಾಯುವುದು, ಮೇಲೇರುವುದು, ಇಳಿಯುವ ಮೊದಲು ಸುತ್ತುವುದು, ಎಲ್ಲವೂ ಸೇರಿತು. ಇಷ್ಟು ಹತ್ತಿರದ ಊರಾದರೆ ಪೂರ್ಣ ವೇಗದಲ್ಲಿ ಹಾರುವ ಹೊತ್ತೇ ಕಡಿಮೆ.

1945ರಲ್ಲಿ ಈ ಊರಿನಲ್ಲೇ ಹುಟ್ಟಿ 1953ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋದ ಡೆಕ್ಕನ್ ಏರ್‌ವೇಸಿನ ಡಕೋಟಾಗಳು ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುತ್ತಿದ್ದವು. ಆ ವೇಗದಲ್ಲಿ ಬೆಂಗಳೂರು ಎರಡು ಗಂಟೆಯ ದಾರಿ. ಜೆಟ್ಟು ಉಳಿಸಿಕೊಟ್ಟದ್ದು ಮುಕ್ಕಾಲು ಗಂಟೆ. ಅದನ್ನೂ ಶಂಷಾಬಾದು, ದೇವನಹಳ್ಳಿಯ ರಸ್ತೆಗಳು ನುಂಗಿವೆ.

ಈಗ ಮನೆಯಿಂದ ಲೆಕ್ಕ ಹಾಕೋಣ. ಕಾಚಿಗುಡದಿಂದ ಶಂಷಾಬಾದಿಗೆ ಒಂದು ಗಂಟೆ. ವಿಮಾನಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದೂಕಾಲು, ಪೆಟ್ಟಿಗೆಗಾಗಿ ಅರ್ಧ. ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಒಂದೂಕಾಲು. ಒಟ್ಟು ಆರು ಗಂಟೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೆ ಕಾಚಿಗುಡದಿಂದ ಯಶವಂತಪುರಕ್ಕೆ ಎಂಟೂವರೆ ಗಂಟೆ. ಅವಸರದ ದಿನ ಕೊಳ್ಳುವ ವಿಮಾನದ ಟಿಕೆಟ್ಟಿಗೆ ನಮ್ಮಂಥವರ ಅರ್ಧ ಸಂಬಳ ಹೋದರೂ ಹೋದೀತು. ಆದರೆ ರೈಲು ಹೊರಟುಹೋದ ಮೇಲೆ ಸುದ್ದಿ ಬಂದರೆ ಬೇರೆ ದಾರಿಯಿಲ್ಲ. ಆಗ ಹಣದ ಮುಖ ನೋಡಲಾಗದು.

ಬೀದರ, ರಾಯಚೂರು, ಕಲಬುರ್ಗಿ ಕಡೆಯವರಿಗೆ ಈ ಲೆಕ್ಕವೇ ಬೇಡ. ಬೆಂಗಳೂರಿನವರು ಶಂಷಾಬಾದಿನಲ್ಲಿ ಸಾಲಿನಲ್ಲಿ ನಿಂತಿರುವಷ್ಟರಲ್ಲಿ ಅವರ ಬಸ್ಸು ಅರ್ಧ ದಾರಿ ದಾಟಿರುತ್ತದೆ.