ಒಲವು ಮತ್ತು ಒಲ್ಲೆ: ಹದಿಹರೆಯದ ಪ್ರೀತಿಯ ಅರ್ಥವಿಚಾರ

ತರಗತಿಯಲ್ಲಿ ಶೃಂಗಾರದ ಪ್ರಸಂಗ ಬಂದೊಡನೆ ಪಾಠ ಹೇಳುವವರ ಕಂಠ ತುಸು ತಗ್ಗುತ್ತದೆ, ಪುಟವೊಂದು ಬೇಗನೆ ಮಗುಚುತ್ತದೆ. ಅಧ್ಯಾಪಕ ಬಂಧುಗಳಿಗೆಲ್ಲ ಈ ಸಂಕೋಚ ಪರಿಚಿತವಾದುದೇ. ಆದರೆ ಎದುರಿಗೆ ಕುಳಿತಿರುವ ಹದಿನೈದು ಹದಿನಾರರ ಹರೆಯದವರು ಕೇಳಬೇಕೆಂದಿರುವ ಪ್ರಶ್ನೆ ಅದೇ ಪುಟದಲ್ಲಿರುತ್ತದೆ: ‘ನಿಜವಾದ ಪ್ರೀತಿ ಯಾವುದು?’ ನಾವು ಉತ್ತರಿಸದೆ ಬಿಟ್ಟರೆ ಚಲನಚಿತ್ರ ಉತ್ತರಿಸುತ್ತದೆ. ಕೈಯಲ್ಲಿನ ಮೊಬೈಲು ಉತ್ತರಿಸುತ್ತದೆ. ಭಾಷೆ ಕಲಿಸುವವನಿಗೆ ತಿಳಿದಿರುವುದು ಪದದ ಮಾರ್ಗ. ಅಲ್ಲಿಂದಲೇ ಹೊರಡುತ್ತೇನೆ.

ಸಂಸ್ಕೃತದ ‘ಪ್ರೀತಿ’ಗೆ ತೃಪ್ತಿಪಡಿಸು, ಸಂತೋಷಗೊಳಿಸು ಎಂಬರ್ಥದ ಧಾತು ಮೂಲ. ‘ಸ್ನೇಹ’ವೆಂದರೆ ಎಣ್ಣೆಯ ಜಿಡ್ಡೂ ಹೌದು, ಅಂಟಿಕೊಳ್ಳುವುದು ಅದರ ಸ್ವಭಾವ. ಅಚ್ಚಗನ್ನಡದ ‘ನಲ್ಲ’, ‘ನಲ್ಲೆ’ ಎಂಬ ಪದಗಳು ಒಳಿತನ್ನು ಹೇಳುವ ‘ನಲ್’ ಎಂಬುದರಿಂದ ಬಂದವು. ಪ್ರಿಯನಾಗುವ ಮುನ್ನ ಆತ ಒಳ್ಳೆಯವನಾಗಿರಬೇಕೆಂದು ನಮ್ಮ ಪೂರ್ವಿಕರು ಬಯಸಿದ್ದಿರಬೇಕು. ಇವೆಲ್ಲಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ‘ಒಲ್’ ಎಂಬ ಧಾತು. ಒಲಿ, ಒಲವು, ಒಲುಮೆ ಎಲ್ಲವೂ ಅದರ ಮಕ್ಕಳು. ಅದರ ನಿಷೇಧರೂಪವೇ ‘ಒಲ್ಲೆ’. ಉತ್ತರ ಕರ್ನಾಟಕದ ಮನೆಗಳಲ್ಲಿ ಊಟ ಬೇಡವೆಂದ ಮಗು ಇಂದಿಗೂ ‘ಒಲ್ಲೆ’ ಎನ್ನುತ್ತದೆ. ಒಪ್ಪುವುದೂ ನಿರಾಕರಿಸುವುದೂ ಒಂದೇ ಬೇರಿನ ಎರಡು ಕವಲುಗಳು. ‘ಒಲ್ಲೆ’ ಎನ್ನುವ ಅವಕಾಶವಿಲ್ಲದ ಕಡೆ ಆಡಿದ ‘ಒಲಿದೆ’ ಎಂಬ ಮಾತು ವ್ಯಾಕರಣಶುದ್ಧವಾಗಿರಬಹುದು, ಅರ್ಥಶುದ್ಧವಾಗಿರಲಾರದು.

ಹುಡುಗರು ಪ್ರೇಮದ ಪರಮಾದರ್ಶವೆಂದು ಹೆಸರಿಸುವುದು ರೋಮಿಯೋ ಜೂಲಿಯೆಟ್ಟರನ್ನು. ನಾಟಕವನ್ನು ಓದಿದವರು ಮಾತ್ರ ವಿರಳ. ಷೇಕ್ಸ್‌ಪಿಯರನ ಜೂಲಿಯೆಟ್ಟಳಿಗೆ ಹದಿನಾಲ್ಕು ತುಂಬಿಲ್ಲ. ಭಾನುವಾರ ರಾತ್ರಿ ಕಂಡವರು ಸೋಮವಾರ ಗುಟ್ಟಾಗಿ ಮದುವೆಯಾಗುತ್ತಾರೆ; ಆ ವಾರ ಮುಗಿಯುವಷ್ಟರಲ್ಲಿ ಇಬ್ಬರೂ ಇಲ್ಲ. ಅದೇ ಭಾನುವಾರದ ಬೆಳಗ್ಗೆ ರೋಮಿಯೋ ಇನ್ನೊಬ್ಬಳಿಗಾಗಿ ನಿಟ್ಟುಸಿರಿಡುತ್ತಿದ್ದನೆಂಬುದನ್ನು ಯಾರೂ ನೆನೆಯುವುದಿಲ್ಲ!

ನಮ್ಮ ಕಾಳಿದಾಸನ ಬಗೆ ಬೇರೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲವನ್ನು ಮನಸ್ಸಿಟ್ಟು ಓದಿದರೆ ಅದು ಎರಡು ಪ್ರೇಮಗಳ ಕಥೆಯೆಂದು ಹೊಳೆಯುತ್ತದೆ. ಮೊದಲ ಅಂಕದ್ದು ಕಣ್ಣಿನ ಪ್ರೇಮ. ಕಣ್ವರಿಗೆ ತಿಳಿಯದ ಗಾಂಧರ್ವ ವಿವಾಹ, ಸಾಕ್ಷಿಗೆ ಒಂದು ಉಂಗುರ. ಪತಿಯ ಧ್ಯಾನದಲ್ಲಿ ಮೈಮರೆತವಳಿಗೆ ಬಾಗಿಲಿಗೆ ಬಂದ ಅತಿಥಿಯ ಕೂಗು ಕೇಳಿಸದು. ದೂರ್ವಾಸನ ಶಾಪ ಅಲ್ಲಿಂದಲೇ. ವ್ಯಾಸಭಾರತದಲ್ಲಿ ಈ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ದೊರೆ ತಿಳಿದೂ ತಿಳಿದೂ ತಿಳಿಯೆನೆನ್ನುತ್ತಾನೆ. ಲೋಕದಲ್ಲಿ ಹೆಚ್ಚಾಗಿ ಕಾಣುವುದು ಭಾರತದ ದುಷ್ಯಂತನೇ ಎಂದು ನನ್ನ ಅನಿಸಿಕೆ. ಏಳನೆಯ ಅಂಕದಲ್ಲಿ ಮಾರೀಚಾಶ್ರಮದೊಳಗೆ, ಮಾಸಿದ ಉಡುಗೆಯ, ಒಂಟಿಜಡೆಯ, ವ್ರತದಿಂದ ಬಡವಾದ ಹೆಂಡತಿಯ ಕಾಲಿಗೆ ಬೀಳುವ ದೊರೆಯ ಪ್ರೇಮ ಮೊದಲಿನದಲ್ಲ. ನಡುವೆ ವರ್ಷಗಳು ಸಂದಿವೆ, ಮಗ ಸಿಂಹದ ಮರಿಯೊಡನೆ ಆಡುವಷ್ಟು ಬೆಳೆದಿದ್ದಾನೆ.

ಹಾಗೆಂದು ಎಳೆಯರ ಮೊದಲ ಪ್ರೇಮವನ್ನು ಹುಡುಗಾಟವೆಂದು ನಗುವುದು ಸಲ್ಲದು. ಹೊಸದಾಗಿ ಪ್ರೇಮದಲ್ಲಿ ಬಿದ್ದವರಿಗೆ ಪ್ರಿಯರ ಭಾವಚಿತ್ರ ತೋರಿಸಿ ಮೆದುಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು, ಸುಖವನ್ನೂ ಬಯಕೆಯನ್ನೂ ಪ್ರೇರಿಸುವ ಡೋಪಮೈನ್ ಪ್ರಧಾನವಾದ ಭಾಗಗಳು ಚುರುಕಾಗುವುದನ್ನು 2005ರಲ್ಲಿ ಪ್ರಕಟಿಸಿದರು. ಪರಿಣಾಮವನ್ನು ತೂಗಿನೋಡುವ ಮುಂಮೆದುಳಾದರೋ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಕುದುರೆಗೆ ಬಲ ಬಂದಿದೆ, ಸವಾರನಿಗೆ ಇನ್ನೂ ಬಂದಿಲ್ಲ. ಆ ವಯಸ್ಸಿನ ನೋವು ನಿಜವಾದ ನೋವು. ಮನಶ್ಶಾಸ್ತ್ರಜ್ಞ ಸ್ಟರ್ನ್‌ಬರ್ಗರು 1986ರಲ್ಲಿ ಪ್ರೇಮಕ್ಕೆ ಆತ್ಮೀಯತೆ, ಆವೇಗ, ಬದ್ಧತೆ ಎಂಬ ಮೂರು ಅಂಗಗಳನ್ನು ಹೇಳಿದರು. ಆವೇಗಕ್ಕೆ ಒಂದು ಸಂಜೆ ಸಾಕು. ಉಳಿದೆರಡಕ್ಕೆ ಕಾಲ ಬೇಕು.

ಇಂದಿನ ಮಕ್ಕಳಲ್ಲಿ ಪ್ರೀತಿಯ ಕುರುಹುಗಳೆಂದು ನಡೆಯುತ್ತಿರುವುದನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೊಬೈಲಿನ ಗುಪ್ತಪದವನ್ನು ಒಪ್ಪಿಸಬೇಕು. ಯಾರೊಡನೆ ಮಾತಾಡಿದೆಯೆಂದು ಲೆಕ್ಕ ಕೊಡಬೇಕು. ಕೇಳಿದ ಚಿತ್ರವನ್ನು ಕಳುಹಿಸಬೇಕು. ‘ಬಿಟ್ಟುಹೋದರೆ ಸಾಯುತ್ತೇನೆ’ ಎಂಬುದು ಕೊನೆಯ ಅಸ್ತ್ರ. ಇವೆಲ್ಲವೂ ‘ಒಲ್ಲೆ’ ಎಂಬ ಮಾತನ್ನು ಕಟ್ಟಿಹಾಕುವ ಹಗ್ಗಗಳು. ಆದರೆ ಸಾಯುತ್ತೇನೆಂದವನ ಮಾತನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕಲೂ ಬಾರದು. ಕೇಳಿದವಳು ಆ ಭಾರವನ್ನು ಒಬ್ಬಳೇ ಹೊರದೆ ಅಂದೇ ಹಿರಿಯರಿಗೆ ತಿಳಿಸಬೇಕು. ಅವನ ಪ್ರಾಣವೂ ಪ್ರಾಣವೇ.

ಕಾನೂನಿನ ಮಾತೂ ಉಂಟು. 2012ರ ಪೋಕ್ಸೊ ಕಾಯಿದೆಯಂತೆ ಹದಿನೆಂಟು ತುಂಬದವರೆಲ್ಲರೂ ಮಕ್ಕಳು. ದೈಹಿಕ ಸಂಬಂಧಕ್ಕೆ ಅವರ ಒಪ್ಪಿಗೆಗೆ ಬೆಲೆಯಿಲ್ಲ. ಪರಸ್ಪರ ಒಲಿದ ಎಳೆಯರೂ ಇದರಲ್ಲಿ ಸಿಲುಕುವುದನ್ನು ಕಂಡ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರಲ್ಲಿ ವಯೋಮಿತಿಯನ್ನು ಪುನರಾಲೋಚಿಸಬೇಕೆಂದು ಸೂಚಿಸಿ, ಒಂಬತ್ತನೆಯ ತರಗತಿಯಿಂದಲೇ ಈ ಕಾಯಿದೆಯ ತಿಳುವಳಿಕೆ ನೀಡಬೇಕೆಂದಿತು. ಕೇಂದ್ರದ ಕಾನೂನು ಆಯೋಗ 2023ರಲ್ಲಿ ವಯೋಮಿತಿಯನ್ನು ಬದಲಿಸಬಾರದೆಂದು ಅಭಿಪ್ರಾಯಪಟ್ಟಿತು. ಇದನ್ನು ನಮ್ಮ ಗಂಡುಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳಿರಬೇಕು. ಪ್ರಕರಣ ದಾಖಲಾದ ಮೇಲೆ ತಿಳಿಯುವುದಲ್ಲ.

ಇನ್ನು ಹಿರಿಯರಾದ ನಮ್ಮ ಪಾಡು. ಚೀಟಿಯೊಂದು ಸಿಕ್ಕಿತೆಂದರೆ ಹುಡುಗನಿಗೆ ಎರಡು ಏಟು; ಮರುದಿನ ಅವನು ಶಾಲೆಯಲ್ಲಿರುತ್ತಾನೆ. ಹುಡುಗಿಗೋ ಶಾಲೆಯೇ ಮುಗಿಯಿತು, ವರಾನ್ವೇಷಣೆ ಮೊದಲಾಯಿತು. ಇದು ಹೆಣ್ಣುಮಕ್ಕಳೆಲ್ಲರಿಗೂ ಗೊತ್ತು. ಆದುದರಿಂದಲೇ ಯಾರಾದರೂ ಕಾಡಿದಾಗಲೂ, ಚಿತ್ರ ಹರಡುವೆನೆಂದು ಹೆದರಿಸಿದಾಗಲೂ ಅವರು ಬಾಯಿ ಬಿಡುವುದಿಲ್ಲ. ಹೇಳಿದವಳ ಓದು ನಿಲ್ಲದೆಂಬ ಭರವಸೆಯನ್ನು ಶಾಲೆಯೇ ಪೋಷಕರ ಸಭೆಯಲ್ಲಿ ಬಾಯಿಬಿಟ್ಟು ಪಡೆಯಬೇಕು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಪ್ರಾರ್ಥನಾಮಂದಿರದ ಗೋಡೆಯ ಮೇಲೆ, ಕೊನೆಯ ಸಾಲಿನವರಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.