ಬೀಜದ ಉಗ್ರಾಣದಲ್ಲಿ ತೇವವನ್ನು ಹತೋಟಿಯಲ್ಲಿಡುವ ಯಂತ್ರ

ಬಿತ್ತನೆಯ ಬೀಜವನ್ನು ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬಿದೊಡನೆ ಅದರ ರಕ್ಷಣೆಯ ಕೆಲಸವು ಮುಗಿಯಿತೆಂದು ಅನೇಕರು ಭಾವಿಸುವರು. ಆದರೆ ಬೀಜವು ತನ್ನ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುವುದು ಇಲ್ಲವೆ ಬಿಡುವುದು. ಬೇಸಿಗೆಯಲ್ಲಿ ನೂರಕ್ಕೆ 11 ಭಾಗ ತೇವಕ್ಕೆ ಇಳಿಸಿದ ಬತ್ತವು ಮಲೆನಾಡಿನ ಮಳೆಗಾಲವನ್ನು ಗೋಣಿಚೀಲದಲ್ಲಿಯೇ ಕಳೆದರೆ 14ನ್ನು ಮೀರುವುದು. ಬೀಜದ ತೇವವು ನೂರಕ್ಕೆ 14ರಿಂದ 5ರ ವರೆಗೆ ಒಂದೊಂದು ಭಾಗ ಇಳಿದಂತೆ ಅದರ ಆಯುಷ್ಯವು ಸುಮಾರಾಗಿ ಇಮ್ಮಡಿಸುವುದೆಂಬುದು ಅಮೆರಿಕದ ಬೀಜಶಾಸ್ತ್ರಜ್ಞ ಹ್ಯಾರಿಂಗ್‌ಟನ್ನರು ಹೇಳಿದ ಸ್ಥೂಲನಿಯಮ. ಈರುಳ್ಳಿಯಂತಹ ಅಲ್ಪಾಯುಷಿ ಬೀಜಗಳ ವಿಷಯದಲ್ಲಿ ಇದನ್ನು ಎಂದಿಗೂ ಮರೆಯತಕ್ಕದ್ದಲ್ಲ.

ಮನೆಯ ಮಟ್ಟಿನ ಬೀಜಕ್ಕೆ ಗಾಳಿಯಾಡದ ಡಬ್ಬವೇ ಸಾಕು. ಹಲವು ಹಳ್ಳಿಗಳ ಬೀಜವನ್ನು ಒಂದೆಡೆ ಕೂಡಿಡುವ ಉಗ್ರಾಣಕ್ಕಾದರೋ ಗಾಳಿಯನ್ನೇ ಒಣಗಿಸುವ ಯಂತ್ರವು ಬೇಕಾಗುವುದು. ಇದರೊಳಗೆ ಜೇನುಹುಟ್ಟಿನಂತೆ ಸಣ್ಣ ರಂಧ್ರಗಳುಳ್ಳ ಒಂದು ಚಕ್ರವುಂಟು. ಅದಕ್ಕೆ ಸಿಲಿಕಾ ಜೆಲ್ ಎಂಬ ನೀರುಹೀರುವ ಪದಾರ್ಥವು ಅಂಟಿರುವುದು. ಚಕ್ರದ ಮುಕ್ಕಾಲು ಭಾಗದಲ್ಲಿ ಕೋಣೆಯ ಗಾಳಿಯು ಹಾದು ಒಣಗುವುದು. ಉಳಿದ ಕಾಲು ಭಾಗದಲ್ಲಿ ಸುಮಾರು 120ರಿಂದ 140 ಡಿಗ್ರಿ ಸೆಂಟಿಗ್ರೇಡಿನ ಬಿಸಿಗಾಳಿಯು ಹಾದು, ಹೀರಿದ ನೀರನ್ನು ಹೊರಕ್ಕೆ ಒಯ್ಯುವುದು. ಚಕ್ರವು ಗಂಟೆಗೆ ಕೆಲವೇ ಸುತ್ತಿನಂತೆ ಮೆಲ್ಲನೆ ತಿರುಗುವುದರಿಂದ ಹೀರುವುದೂ ಬಿಡುವುದೂ ಏಕಕಾಲದಲ್ಲಿ ನಡೆಯುವುವು.

ಯಂತ್ರವನ್ನು ಕೊಂಡವರು ಚಕ್ರದ ಗಾತ್ರವನ್ನು ವಿಚಾರಿಸುವಷ್ಟು ಅದರ ನಿಯಾಮಕವನ್ನು ವಿಚಾರಿಸುವುದಿಲ್ಲ. ಬೀಜದ ಅಳಿವು ಉಳಿವು ಇರುವುದು ಅಲ್ಲಿಯೇ. ಕೋಣೆಯ ತೇವವನ್ನು 45ರಲ್ಲಿ ನಿಲ್ಲಿಸಬೇಕೆಂದು ಇಟ್ಟುಕೊಳ್ಳೋಣ. ತೇವವು 47ಕ್ಕೆ ಏರಿದಾಗ ನಿಯಾಮಕವು ಯಂತ್ರವನ್ನು ನಡೆಯಿಸಿ, 43ಕ್ಕೆ ಇಳಿದಾಗ ನಿಲ್ಲಿಸುವುದು. ಈ ನಡುವಣ ಅಂತರವನ್ನು ತೀರ ಕಿರಿದುಮಾಡಿದರೆ ಯಂತ್ರವು ಪದೇ ಪದೇ ಹೊತ್ತಿ ಆರಿ ಬೇಗನೆ ಸವೆಯುವುದು. ನಿಲ್ಲುವಾಗಲೂ ಮೊದಲು ಕಾಯಿಸುವ ತಂತಿ ಆರಬೇಕು. ಅನಂತರ ಕೆಲವು ನಿಮಿಷ ಬೀಸಣಿಗೆಯು ತಿರುಗಿ ಒಳಗಿನ ಕಾವನ್ನು ಹೊರದೂಡಬೇಕು. ಉತ್ತಮ ಯಂತ್ರಗಳಲ್ಲಿ ಹೊರಹೋಗುವ ಬಿಸಿಗಾಳಿಯ ಕಾವನ್ನೂ ಅಳೆಯುವರು. ಚಕ್ರದಲ್ಲಿ ನೀರು ಹೆಚ್ಚಾಗಿದ್ದರೆ ಆ ಗಾಳಿಯು ತಣಿದು ಹೊರಬರುವುದು. ಬಿಸಿಯಾಗಿಯೇ ಬಂದರೆ ಚಕ್ರವು ಒಣಗಿದೆಯೆಂದು ತಿಳಿದು ನಿಯಾಮಕವು ಕಾವನ್ನು ತಗ್ಗಿಸುವುದು. ವಿದ್ಯುತ್ತಿನ ವೆಚ್ಚದಲ್ಲಿ ಬಹುಪಾಲು ಈ ಕಾಯಿಸುವುದರಲ್ಲಿಯೇ ಇರುವುದರಿಂದ ಇದು ಸಣ್ಣ ಉಳಿತಾಯವಲ್ಲ.

ಒಣಗಿದ ಗಾಳಿಯು ಬೆಚ್ಚಗೆ ಬರುವುದಾದಕಾರಣ ಅದನ್ನು ತಂಪುಮಾಡಿಯೇ ಕೋಣೆಗೆ ಬಿಡತಕ್ಕದ್ದು. ಅತಿಯಾಗಿ ಒಣಗಿಸುವುದೂ ಸಲ್ಲದು. ಅತಿ ಒಣಗಿದ ಬೇಳೆಕಾಳುಗಳು ಚೀಲ ಎತ್ತಿಹಾಕುವಾಗ ಬಿರಿದು ಮೊಳಕೆಗೆ ಬಾರದೆ ಹೋಗುವುವು.

ತೇವವನ್ನಳೆಯುವ ಮುಳ್ಳನ್ನು, ಅಂದರೆ ಸಂವೇದಕವನ್ನು, ಕೋಣೆಯ ನಡುವೆ ಚೀಲಗಳ ಮಟ್ಟದಲ್ಲಿ ತೂಗಹಾಕಬೇಕು. ಒಣಗಾಳಿಯು ಬರುವ ಬಾಯಿಗೆ ಎದುರಾಗಿಟ್ಟರೆ ಕೋಣೆಯೆಲ್ಲ ಒಣಗಿತೆಂದು ಭ್ರಮಿಸಿ ಯಂತ್ರವು ಬೇಗನೆ ನಿಲ್ಲುವುದು. ಮೂಲೆಯ ಚೀಲಗಳು ಮಾತ್ರ ಮುಗ್ಗುತ್ತಿರುವುವು. ಬಾಗಿಲ ಬಳಿ ಇಟ್ಟರೆ ಪ್ರತಿಯೊಬ್ಬನು ಒಳಬಂದಾಗಲೂ ಯಂತ್ರವು ವೃಥಾ ನಡೆಯುವುದು.

ಸಂವೇದಕವು ಕಾಲಕ್ರಮದಲ್ಲಿ ತಪ್ಪು ತೋರಿಸುವುದುಂಟು. ಇದನ್ನು ಅಡಿಗೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು. ಗಾಜಿನ ಭರಣಿಯಲ್ಲಿ ಉಪ್ಪನ್ನು ಹಾಕಿ, ಪೂರ್ತಿ ಕರಗದಂತೆ ಸ್ವಲ್ಪವೇ ನೀರು ಬೆರಸಿ, ಸಂವೇದಕವು ಉಪ್ಪಿಗೆ ತಗಲದಂತೆ ಒಳಗೆ ತೂಗಿಸಿ ಬಾಯಿಯನ್ನು ಗಾಳಿಯಾಡದಂತೆ ಮುಚ್ಚಿ, ನೆರಳಿನಲ್ಲಿ ಒಂದು ರಾತ್ರಿ ಬಿಡತಕ್ಕದ್ದು. ಬೆಳಗ್ಗೆ ಅದು 75ನ್ನು ತೋರಿಸಬೇಕು. 70 ತೋರಿಸಿದರೆ, 45ಕ್ಕಿಟ್ಟ ಉಗ್ರಾಣವು ನಿಜವಾಗಿ 50ರ ಹತ್ತಿರದಲ್ಲಿದೆಯೆಂದು ತಿಳಿದು ಸಂವೇದಕವನ್ನು ಸರಿಪಡಿಸಬೇಕು. ಮುಂಗಾರು ಹಿಡಿಯುವುದಕ್ಕೆ ಮೊದಲು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಿ, ತೋರಿಸಿದ ಅಂಕಿಯನ್ನು ಉಗ್ರಾಣದ ಪುಸ್ತಕದಲ್ಲಿ ಬರೆದಿಡುವಂತೆ ಗ್ರಾಮದ ಯಜಮಾನರು ಉಗ್ರಾಣದವನಿಗೆ ಕಟ್ಟುಮಾಡತಕ್ಕದ್ದು.