ರಬ್ಬರ್ ಚಿಗುರುವ ಮುನ್ನ

ಸುಳ್ಯದಿಂದ ಸಂಪಾಜೆಗೆ ಹೋಗುವ ಹೆದ್ದಾರಿ ಬಿಟ್ಟು ಬದಿಗೆ ಇಳಿದರೆ ಮೊದಲು ಅಡಿಕೆ ತೋಟ. ತೋಟ ದಾಟಿ ದರೆ ಹತ್ತಿದರೆ ರಬ್ಬರ್ ಗುಡ್ಡ. ಎರಡೂ ಕೂಡುವ ಅಂಚಿನಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ, ಜೇನುಪೆಟ್ಟಿಗೆಗಳ ಸಾಲು. ಇರುವೆ ಹತ್ತದಂತೆ ಸ್ಟ್ಯಾಂಡುಗಳ ಬುಡದಲ್ಲಿ ನೀರು ನಿಲ್ಲಿಸಿದ್ದಾರೆ. ಜನವರಿಯ ಮೊದಲ ವಾರ. ಮೇಲೆ ರಬ್ಬರ್ ಎಲೆ ಕೆಂಪಾಗಿ ಉದುರುತ್ತಿದೆ, ಕೆಳಗೆ ಅಡಿಕೆಯ ಹಿಂಗಾರ ಬಿರಿಯತೊಡಗಿದೆ.

ಈ ಜಾಗವನ್ನು ಇಲ್ಲಿ ಜೇನು ಸಾಕುವ ಗೌಡರು ಸುಮ್ಮನೆ ಆರಿಸಿದ್ದಲ್ಲ. ಎಲೆ ಕಳಚಿದ ರಬ್ಬರ್ ಮರ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಒಂದೇ ತೊಟ್ಟಿನ ಮೂರು ಎಳೆಯೆಲೆಗಳು ಕೂಡುವಲ್ಲಿ ಸಣ್ಣ ಗ್ರಂಥಿಗಳಿವೆ. ಅವುಗಳಿಂದ ಮಕರಂದ ಒಸರುತ್ತದೆ. ಹೂವಿನ ಹಂಗಿಲ್ಲದ ಜೇನು ಅದು. ಆದರೆ ಅಲ್ಲಿ ನೊಣಗಳಿಗೆ ಪರಾಗ ಸಿಗುವುದಿಲ್ಲ. ಪರಾಗ ಇಲ್ಲದೆ ಮರಿಗಳಿಗೆ ಆಹಾರವಿಲ್ಲ. ಆ ಕೊರತೆ ತುಂಬುವುದು ಕೆಳಗಿನ ಅಡಿಕೆ ಮತ್ತು ತೆಂಗು. ಸುಳ್ಯ, ಪುತ್ತೂರು ಸೀಮೆಯಲ್ಲಿ ರಬ್ಬರ್ ಹಬ್ಬಿದ್ದಕ್ಕೆ ಬೇರೆಯೇ ಕಥೆಯೂ ಉಂಟು: 1964ರ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಸಿಗಲೆಂದು ಸರ್ಕಾರ ಇಲ್ಲಿ ತೋಟಗಳನ್ನು ಎಬ್ಬಿಸಿತು. ಈಗ ಖಾಸಗಿ ಗುಡ್ಡಗಳಲ್ಲೂ ಅದೇ ಮರ.

ಜೇನಿನ ಬಗ್ಗೆ ಬರೆಯುವವರು ಹೆಚ್ಚಾಗಿ ತುಪ್ಪ ತೆಗೆಯುವ ದಿನಕ್ಕೇ ಬರುತ್ತಾರೆ. ತುಪ್ಪ ಎಷ್ಟು ಸಿಗುತ್ತದೆನ್ನುವುದು ತೀರ್ಮಾನವಾಗುವುದು ಅದಕ್ಕೂ ಮೊದಲಿನ ಈ ವಾರಗಳಲ್ಲಿ. ನಮ್ಮ ತುಡುವೆ ಜೇನಿನಲ್ಲಿ ರಾಣಿ ಇಟ್ಟ ಮೊಟ್ಟೆ ನೊಣವಾಗಿ ಹೊರಬರಲು ಸುಮಾರು ಇಪ್ಪತ್ತು ದಿನ ಬೇಕು. ಹೊರಬಂದದ್ದು ಮತ್ತೆ ಎರಡು ಮೂರು ವಾರ ಗೂಡಿನೊಳಗೇ ಮರಿ ಸಾಕುತ್ತ, ಮೇಣ ಕಟ್ಟುತ್ತ ಇರುತ್ತದೆ. ಆಮೇಲಷ್ಟೇ ಮಕರಂದಕ್ಕೆ ಹಾರಾಟ. ಜನವರಿ ಕೊನೆಗೆ ರಬ್ಬರ್ ಒಸರತೊಡಗುವಾಗ ದುಡಿಯುವ ನೊಣಗಳು ಬೇಕಿದ್ದರೆ ಅವುಗಳ ಮೊಟ್ಟೆ ಡಿಸೆಂಬರಿನಲ್ಲೇ ಬಿದ್ದಿರಬೇಕು. ಮಳೆಗಾಲದಲ್ಲಿ ಬಡಕಲಾದ ಕುಟುಂಬದ ರಾಣಿ ತಾನಾಗಿ ಅಷ್ಟು ಬೇಗ ಚುರುಕಾಗುವುದಿಲ್ಲ. ಆಗ ಸಕ್ಕರೆ ನೀರು ಕೊಡುತ್ತಾರೆ. ಹೊರಗೆ ಮಕರಂದ ಬರುತ್ತಿದೆಯೆಂದೇ ನೊಣಗಳು ತಿಳಿಯುತ್ತವೆ, ರಾಣಿಗೆ ಉಣಿಸುವುದು ಹೆಚ್ಚುತ್ತದೆ, ಮೊಟ್ಟೆಯೂ ಹೆಚ್ಚುತ್ತದೆ.

“ಸಕ್ಕರೆ ಕೊಡುದು ತುಪ್ಪ ಮಾಡ್ಲಿಕ್ಕೆ ಅಲ್ಲ, ಹುಳ ಮಾಡ್ಲಿಕ್ಕೆ” ಎಂದರು ಗೌಡರು. “ಇದು ಗೊತ್ತಿಲ್ಲದವ ಜೇನು ಸಾಕ್ಲಿಕ್ಕೇ ಹೋಗ್ಬಾರ್ದು ಮಾರಾಯ್ರೆ.”

ಸಾಲಿನ ಮೊದಲ ಪೆಟ್ಟಿಗೆಗಳು ಬಲವಾದವು. ಹೊಗೆ ಒಂದಿಷ್ಟೇ ತೋರಿಸಿ ಅವರು ಮುಚ್ಚಳ ತೆಗೆದರು. ಎಂಟು ಎರಿಗಳ ಮೇಲೂ ನೊಣ ಮುತ್ತಿವೆ. ಒಂದು ಎರಿ ಎತ್ತಿ ಬೆಳಕಿಗೆ ಹಿಡಿದರು. ಕೆಳಗಿನ ಅಂಚಿನಲ್ಲಿ ಉಬ್ಬಿದ ಮುಚ್ಚಳಗಳು, ಪ್ರತಿಯೊಂದರ ನಡುವೆ ಸೂಜಿಯಲ್ಲಿ ಚುಚ್ಚಿದಷ್ಟು ತೂತು. ತುಡುವೆಯ ಗಂಡುಹುಳದ ಕೋಶ ಹೀಗೇ ಇರುತ್ತದೆ. ಗಂಡುಹುಳ ಹೆಚ್ಚಿತೆಂದರೆ ಕುಟುಂಬ ಪಾಲಾಗುವ ಯೋಚನೆಯಲ್ಲಿದೆ. ಪಕ್ಕದ ಎರಿಯಲ್ಲಿ ಕೆಳಮುಖವಾಗಿ ಇಳಿದ ರಾಣಿ ಕೋಶಗಳೂ ಕಂಡವು. ಅವುಗಳಲ್ಲಿ ಒಂದರ ತುದಿಯ ಮೇಣವನ್ನು ನೊಣಗಳು ಕೆರೆದು ತೆಗೆದಿದ್ದವು. ಒಳಗಿನ ಕಂದು ಗೂಡು ಹೊರಗೆ ಕಾಣುತ್ತಿತ್ತು. ಹೊಸ ರಾಣಿ ಹೊರಬರಲು ಹೆಚ್ಚು ದಿನ ಇಲ್ಲ.

ಕುಟುಂಬ ಪಾಲು ಮಾಡಲು ಈಗ ತಡವಾಯಿತು, ನವೆಂಬರ್ ಸರಿಯಾದ ಕಾಲ, ಎಂದು ಅವರ ಅಭಿಪ್ರಾಯ. ಹೊಸ ರಾಣಿ ಹೊರಬಂದು, ಗಂಡುಹುಳಗಳನ್ನು ಕೂಡಿ, ಮೊಟ್ಟೆಗಿಳಿದು, ಆ ಮೊಟ್ಟೆ ದುಡಿಮೆಗೆ ಬರುವಷ್ಟರಲ್ಲಿ ರಬ್ಬರ್ ಚಿಗುರು ಬಲಿತಿರುತ್ತದೆ. ಆದರೆ ಈ ಕುಟುಂಬ ಯಾರನ್ನೂ ಕೇಳದೆ ಹೊರಟು ನಿಂತಿದೆ. ನಾವು ಪಾಲು ಮಾಡದಿದ್ದರೆ ಅರ್ಧ ನೊಣ ಹಳೆಯ ರಾಣಿಯೊಂದಿಗೆ ಕಾಡು ಸೇರುತ್ತವೆ.

ಮುಂದಿನ ಕೆಲಸವನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಹಳೆಯ ರಾಣಿ ಇದ್ದ ಎರಿಯನ್ನೂ ಮರಿ ತುಂಬಿದ ಇನ್ನೆರಡು ಎರಿಗಳನ್ನೂ, ಅಂಟಿದ ನೊಣ ಸಮೇತ, ಖಾಲಿ ಪೆಟ್ಟಿಗೆಗೆ ದಾಟಿಸಿದರು. ಹಳೆಯ ಪೆಟ್ಟಿಗೆಯಲ್ಲಿ ದಪ್ಪನೆಯ, ನೆಟ್ಟಗಿನ ಒಂದು ರಾಣಿ ಕೋಶ ಉಳಿಸಿ ಬೇರೆಲ್ಲವನ್ನೂ ಕಿತ್ತರು. ಎರಡು ಮೂರು ಕೋಶ ಬಿಟ್ಟರೆ ಉಳಿದ ಅರ್ಧವೂ ಮತ್ತೆ ಮತ್ತೆ ಪಾಲಾಗಿ ಕೊನೆಗೆ ಹಿಡಿಯಷ್ಟು ನೊಣ ಉಳಿಯುತ್ತದೆ. ಆಮೇಲೆ ಎರಡೂ ಪೆಟ್ಟಿಗೆಗಳನ್ನು ಮೂಲ ಜಾಗದ ಆಚೆ ಒಂದು, ಈಚೆ ಒಂದು, ಅರ್ಧರ್ಧ ಹೆಜ್ಜೆ ಸರಿಸಿಟ್ಟರು. ಹೊರಗೆ ಹೋದ ನೊಣಗಳು ಮರಳುವುದು ಹಳೆಯ ಜಾಗಕ್ಕೆ. ಅಲ್ಲಿ ಪೆಟ್ಟಿಗೆ ಕಾಣದೆ ತುಸು ಸುತ್ತಾಡಿ ಎರಡಕ್ಕೂ ಹಂಚಿಹೋದವು. ಒಂದು ಕಡೆಗೆ ಹೆಚ್ಚು ಹೋಗುತ್ತಿವೆ ಎನಿಸಿದಾಗ ಗೌಡರು ಆ ಪೆಟ್ಟಿಗೆಯನ್ನು ಇನ್ನೊಂದು ಗೇಣು ದೂರ ಸರಿಸಿದರು.

ಯಾವ ಕುಟುಂಬವನ್ನು ಪಾಲು ಮಾಡಬೇಕು ಎನ್ನುವುದಕ್ಕೆ ಅವರ ಲೆಕ್ಕ ಗಟ್ಟಿಯಾದದ್ದು: ರೋಗ ತಾಳಿಕೊಂಡದ್ದನ್ನೇ. 1991–92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತುಡುವೆ ಕುಟುಂಬಗಳ ಬಹುಪಾಲನ್ನು ಬರಿದು ಮಾಡಿತು. ಮರಿಗಳು ಕೋಶದೊಳಗೆ ನೀರು ತುಂಬಿದ ಚೀಲವಾಗಿ ಸತ್ತುಬೀಳುತ್ತಿದ್ದವು. ಅದಕ್ಕೆ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಾಳಿ ಉಳಿದ ಕುಟುಂಬಗಳಿಂದಲೇ ಸಂತತಿ ಬೆಳೆಸುವ ಈ ನಿಷ್ಠುರ ನನಗೆ ಸರಿಯೆನಿಸುತ್ತದೆ. ಪೆಟ್ಟಿಗೆಯ ಲೆಕ್ಕ ಹೆಚ್ಚಿಸಲು ಸಿಕ್ಕಿದ್ದನ್ನೆಲ್ಲ ಸೀಳುವವರು ಊರಿಗೆಲ್ಲ ರೋಗ ಹಂಚುತ್ತಾರೆ.

ಸಾಲಿನ ಕೊನೆಯವು ನವೆಂಬರಿನಲ್ಲಿ ಪಾಲಾದವು, ಇನ್ನೂ ನಾಲ್ಕೈದು ಎರಿ ಅಷ್ಟೆ. ಅವಕ್ಕೆ ಮೇಣದ ಹಾಳೆ ಕಟ್ಟಿದ ಒಂದೊಂದು ಚೌಕಟ್ಟು ಸೇರಿಸಿದರು, ಅದೂ ಮರಿ ಇರುವ ಎರಿಗಳ ಹೊರಬದಿಗೆ. ನಡುವೆ ತುರುಕುವುದಿಲ್ಲ. ಮರಿಗಳಿಗೆ ಹೆಚ್ಚುಕಡಿಮೆ 34 ಡಿಗ್ರಿ ಬಿಸಿ ಬೇಕು. ಈ ಚಳಿಯಲ್ಲಿ ಖಾಲಿ ಚೌಕಟ್ಟು ನಡುವೆ ಬಂದರೆ ಬಿಸಿ ಎರಡಾಗಿ ಒಡೆಯುತ್ತದೆ.

ಸಂಜೆಯಾಗುತ್ತಲೇ ಸಕ್ಕರೆ ನೀರು ಬಂತು. ಒಂದು ಕಿಲೋ ಬಿಳಿ ಸಕ್ಕರೆಗೆ ಒಂದು ಲೀಟರ್ ನೀರು, ಬಿಸಿ ಮಾಡಿ ಆರಿಸಿದ್ದು. ಬೆಲ್ಲ ಹಾಕಿದರೆ ನೊಣಗಳಿಗೆ ಭೇದಿ ಹಿಡಿಯುತ್ತದೆ. ಎಲ್ಲಿಂದಲೋ ತಂದ ತುಪ್ಪ ಉಣಿಸಿದರೆ ಅದರ ಜೊತೆ ರೋಗವೂ ಬಂದೀತು. ಗೆರಟೆಯಲ್ಲಿ ಸುರಿದು, ಮುಳುಗಿ ಸಾಯದಂತೆ ಕಡ್ಡಿಚೂರು ತೇಲಿಬಿಟ್ಟು, ಎರಿಗಳ ಮೇಲಿಟ್ಟು ಮುಚ್ಚಿದರು. ಹಗಲಲ್ಲಿ ಕೊಟ್ಟರೆ ವಾಸನೆ ಹಿಡಿದು ಬಲವಾದ ಪೆಟ್ಟಿಗೆಯ ನೊಣಗಳು ಬಡಪಾಯಿಗಳನ್ನು ದರೋಡೆ ಮಾಡುತ್ತವೆ. ಬಾಗಿಲುಗಳನ್ನೂ ಎರಡು ಮೂರು ನೊಣ ನುಸುಳುವಷ್ಟೇ ಕಿರಿದು ಮಾಡಿದ್ದರು. ಒಂದು ಹನಿ ಪೆಟ್ಟಿಗೆಯ ಮೇಲೆ ಚೆಲ್ಲಿತು. ಗೌಡರು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದರು.

ಬಲವಾದ ಪೆಟ್ಟಿಗೆಗಳಲ್ಲಿ ಗೆರಟೆ ಇರಲಿಲ್ಲ. ಅವಕ್ಕೆ ತುಪ್ಪ ತುಂಬುವ ಮೇಲಂತಸ್ತು ಇಡುವ ಹೊತ್ತು ಬಂದಿದೆ, ಅದಕ್ಕೆ ಮೊದಲೇ ಸಕ್ಕರೆ ನಿಂತಿದೆ. ಮೇಲಂತಸ್ತು ಇಟ್ಟಮೇಲೂ ಉಣಿಸಿದರೆ ನೊಣಗಳು ಆ ಸಕ್ಕರೆಯನ್ನೇ ಅಲ್ಲಿ ತುಂಬಿ ಮೇಣದ ಮುಚ್ಚಳ ಹಾಕುತ್ತವೆ. ಎರಿಯಿಂದಲೇ ತೆಗೆದದ್ದಾದರೂ ಅದು ಜೇನಲ್ಲ. ಬೆರಕೆಯ ಆರೋಪ ಬಂದಾಗ ಕಾರ್ಖಾನೆಗಳ ಕಡೆಗೆ ಮಾತ್ರ ಬೊಟ್ಟು ಮಾಡುವುದು ಸಾಲದು. ಈ ಸಣ್ಣ ಗೆರಟೆಯನ್ನು ಯಾವಾಗ ಹೊರತೆಗೆದರು ಎಂದೂ ಕೇಳಬೇಕು. ಕೆಳಗಿನ ಮರಿ ಕೋಣೆಯ ಎರಿಗಳನ್ನು ಗೌಡರು ಹಿಂಡುವುದೇ ಇಲ್ಲ. ಅಲ್ಲಿ ಉಳಿದದ್ದು, ಸಕ್ಕರೆಯಾಗಲಿ ಜೇನಾಗಲಿ, ನೊಣಗಳಿಗೆ.

ಫೆಬ್ರವರಿ ಪೂರ್ತಿ ಇವು ಇಲ್ಲೇ. ಮಾರ್ಚ್‌ನಲ್ಲಿ ಚಿಗುರು ಬಲಿತು ಒಸರು ನಿಂತ ಮೇಲೆ ಗುಡ್ಡದ ಅಂಚಿನಲ್ಲಿ ಕೆಲಸವಿಲ್ಲ. ರಾತ್ರಿ ಬಾಗಿಲು ಮುಚ್ಚಿ, ತೋಟ ದಾಟಿಸಿ, ನೇರಳೆ ಹೂ ಬಿಡುವ ಕಾಡಿನ ಬದಿಗೆ ಒಯ್ಯಬೇಕು. ಜೀಪು ಹೇಳಿಟ್ಟಾಗಿದೆ ಎಂದರು.